ಒಂದು ಸಾಲೂ ಬಿಡದ ಆಯಿ

ಆಯಿಯ ಬಲಗೈಯ ತೋರುಬೆರಳಿನ ತುದಿ ಉಳಿದ ಬೆರಳುಗಳ ಹಾಗಿರಲಿಲ್ಲ. ಸವೆದು ಚಪ್ಪಟೆಯಾಗಿ ನುಣ್ಣಗೆ ಹೊಳೆಯುತ್ತಿತ್ತು, ಮುಟ್ಟಿದರೆ ಹುಣಸೆ ಬೀಜ ಮುಟ್ಟಿದಂತೆ. ಹರೆಯದಿಂದ ಪುರಾಣದ ಸಾಲುಗಳ ಕೆಳಗೆ ಓಡಾಡಿದ ಬೆರಳು ಅದು. ಅವಳು ರೊಟ್ಟಿ ಬಡಿಯುವಾಗ ಹತ್ತಿರ ಕೂತು ಅವ್ವ ಚೇಷ್ಟೆ ಮಾಡುತ್ತಿದ್ದಳು: "ಆಯಿ, ನಿಮ್ಮ ಬೆರಳಿನ ಗೆರಿ ಎಲ್ಲಾ ಪುರಾಣ ತಿಂದು ಕುಂತದ ನೋಡ್ರಿ." ಆಯಿ ನಗುತ್ತ, "ತಿನ್ನಲಿ ಬಿಡು, ಇನ್ನ ಒಂಬತ್ತು ಅವ" ಅನ್ನುತ್ತಿದ್ದಳು.

ಅವಳು ನಮಗೆ ರಕ್ತಸಂಬಂಧಿಯಲ್ಲ. ಔರಾದ ಕಡೆಯ ನಮ್ಮ ಹಳ್ಳಿಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಅವಳದು, ಅಷ್ಟೇ. ಊರೆಲ್ಲ ಆಯಿ ಅನ್ನುತ್ತಿತ್ತು, ನಾನೂ ಅಂದೆ. ಗಂಡ ಹೋಗಿ ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಿಜಾಮನ ಕಾಲದಲ್ಲಿ ಸಾಲೆ ಎಂದರೆ ಉರ್ದು ಸಾಲೆಯೇ. ಕನ್ನಡದ ಅಕ್ಷರವನ್ನು ಅವಳಪ್ಪ ಅಂಗಳದಲ್ಲಿ ಬೂದಿ ಹರಡಿ ಕಲಿಸಿದ್ದನಂತೆ. ಹೀಗಾಗಿ ಊರ ಮಠದಲ್ಲಿ ಶ್ರಾವಣದ ಪುರಾಣ ಓದುವುದಕ್ಕೆ ಅವಳನ್ನು ಬಿಟ್ಟರೆ ಗತಿಯಿರಲಿಲ್ಲ. ಬೇರೆ ಊರುಗಳಲ್ಲಿ ಪದ್ಯ ಹಾಡುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು. ನಮ್ಮಲ್ಲಿ ಎರಡೂ ಆಯಿಯೇ. ಹೆಂಗಸು ಪುರಾಣ ಓದಬೇಕೇ ಎಂದು ಮೊದಲು ಮೂಗು ಮುರಿದ ಗಂಡಸರ ಮುಂದೆ ಅವಳು ಹೊತ್ತಿಗೆ ಇಟ್ಟು, "ಹಂಗಾರ ನೀವೇ ಓದ್ರಿ" ಅಂದಳಂತೆ. ಆಮೇಲೆ ಯಾರೂ ತುಟಿ ಪಿಟ್ಟೆನ್ನಲಿಲ್ಲ.

ಓದಿದರೆ ಒಂದು ಸಾಲೂ ಬಿಡುತ್ತಿರಲಿಲ್ಲ. ಪುರಾಣದ ನಡುವೆ ಒಂದು ಕಡೆ ಬರೀ ಶರಣರ ಹೆಸರುಗಳೇ ಬರುತ್ತಿದ್ದವು, ಪುಟಗಟ್ಟಲೆ. ಕತೆಯಿಲ್ಲ, ಹಾಡಿಲ್ಲ, ಹೆಸರೇ ಹೆಸರು. ಆ ದಿನ ಮಠದಲ್ಲಿ ಗೊರಕೆಯ ಸದ್ದೇ ಜೋರು. ಒಮ್ಮೆ ಗೌಡರು ತಾಳಲಾರದೆ, "ಆಯಿ, ಇದೊಂದು ಹಾರಿಸಿಬಿಡ್ರಿ, ಶರಣರೇನು ಸಿಟ್ಟಾಗಂಗಿಲ್ಲ" ಅಂದರು. ಆಯಿ ಬೆರಳು ಎತ್ತದೆ ಹೇಳಿದಳು: "ಸುಗ್ಗಿ ರಾಶಿ ಹಂಚುವಾಗ ನಿಮ್ಮ ಹೆಸರು ಹಾರಿಸಿದ್ರ ನಡೀತದೇನ್ರಿ ಗೌಡ್ರ?" ಮಲಗಿದವರೂ ಎದ್ದು ನಕ್ಕರು. ಹೆಸರುಗಳು ಮುಂದುವರಿದವು.

ಆ ಹೊತ್ತಿಗೆಯ ಮೊದಲ ಹಾಳೆಯಲ್ಲಿ ಪುರಾಣದ ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ 'ಅಖಂಡ ಪ್ರತಿ' ಎಂದು ಅಚ್ಚಾಗಿತ್ತು. ನಾನು ಅವಳ ಹತ್ತಿರವೇ ಓದು ಕಲಿತವಳು. ಆ ಮಾತಿನ ಅರ್ಥ ಕೇಳಿದೆ. ನನಗೆ ಗೊತ್ತಿದ್ದ ಅಖಂಡ ಒಂದೇ, ಮಠದಲ್ಲಿ ಹಗಲೂ ರಾತ್ರಿ ನಿಲ್ಲದೆ ನಡೆಯುತ್ತಿದ್ದ ಅಖಂಡ ಭಜನೆ.

"ಪುರಾಣಾನೂ ನಿಂದ್ರಲಾರದ ಓದಬೇಕೇನು ಆಯಿ?"

"ಹುಚ್ಚಿ, ನಿಂದ್ರಲಾರದ ಓದಿದ್ರ ನಾ ಉಳೀತೀನೇನು? ಭಜನಿ ಮಾತು ಬ್ಯಾರೆ. ಹೊತ್ತಿಗಿ ಮ್ಯಾಲ ಬರದ್ರ ಏನೂ ಕಡದಿಲ್ಲ, ಏನೂ ಬಿಟ್ಟಿಲ್ಲ ಅಂತ ಅರ್ಥ. ನಾವು ಅಖ್ಖಾ ಅಂತೇವಲ್ಲ, ಅದೇ. ಅಖ್ಖಾ ತೊಗರಿ ನೋಡಿಲ್ಲೇನು? ಒಡದು ಬ್ಯಾಳಿ ಮಾಡಿದ್ರ ಲಗೂನ ಕುದೀತದ, ತಿನ್ಲಿಕ್ಕ ಹಗೂರ. ಆದ್ರ ಬ್ಯಾಳಿ ಬಿತ್ತಿದ್ರ ಮೊಳಕಿ ಬರ್ತದೇನು?"

ಮುಂದೆ ಬೀದರಿನಲ್ಲಿ ಕನ್ನಡ ಕಲಿಸುವ ಕೆಲಸಕ್ಕೆ ಸೇರಿ, 'ಸಮಗ್ರ', 'ಸಂಪೂರ್ಣ', 'ಸಂಗ್ರಹ' ಎಂದು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ಪ್ರತಿ ಸಲವೂ ಮಕ್ಕಳಿಗೆ ತೊಗರಿಯನ್ನೇ ಹೇಳಿದ್ದೇನೆ.

ಆಯಿ ಇನ್ನೊಂದು ಕಟ್ಟಳೆಯನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದಳು. ಅದು ಅವಳದಲ್ಲ, ಊರಿನದು. ದಿನದ ಓದನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಸಾವಿನ ಮೇಲೆ ಮಾತ್ರ ನಿಲ್ಲಿಸುವಂತಿಲ್ಲ. ಪುರಾಣದಲ್ಲಿ ಯಾರಾದರೂ ಸತ್ತರೆ, ಹೊತ್ತು ಎಷ್ಟೇ ಆಗಲಿ, ಮುಂದೆ ಒಂದು ಒಳ್ಳೆಯ ಮಾತು ಬರುವತನಕ ಓದಲೇಬೇಕು, ಕೇಳುವವರು ಏಳದೆ ಕೂಡ್ರಲೇಬೇಕು. ಇಲ್ಲವಾದರೆ ಕೇಳಿದವರ ಬೆನ್ನು ಹತ್ತಿ ಸಾವು ಮನೆಗೆ ಬರುತ್ತದೆ ಎಂದು ನಂಬಿಕೆ. ಪುರಾಣದ ಕೊನೆಯ ಭಾಗದಲ್ಲಿ ಒಬ್ಬ ಬಡವಿಯ ಕೂಸು ಸಾಯುವ ಅಧ್ಯಾಯವಿತ್ತು. ತಾಯಿ ಕೂಸನ್ನು ಉಡಿಯಲ್ಲಿ ಹಾಕಿಕೊಂಡು ಅಳುತ್ತಾಳೆ, ಶರಣ ಬರುತ್ತಾನೆ, ಕೂಸು ಏಳುತ್ತದೆ. ಸಾಯುವುದಕ್ಕೂ ಏಳುವುದಕ್ಕೂ ನಡುವೆ ಉದ್ದನೆಯ ಅಳುವಿನ ಪದ್ಯಗಳು. ಆ ದಿನ ಕೈಗೂಸಿನ ತಾಯಂದಿರು ಮಕ್ಕಳನ್ನು ಎದೆಗೆ ಅವಚಿಕೊಂಡು ಕೂಡ್ರುತ್ತಿದ್ದರು.

ನಾನೋ ಹುಟ್ಟಾ ಅಂಜುಬುರುಕಿ. ಬಾವಿಗೆ ಅಂಜುತ್ತಿದ್ದೆ, ಬೇವಿನ ಗಿಡಕ್ಕೆ ಅಂಜುತ್ತಿದ್ದೆ, ನಮ್ಮದೇ ಎಮ್ಮೆಗೂ ಅಂಜುತ್ತಿದ್ದೆ. ಆ ಅಧ್ಯಾಯ ಬಂತೆಂದರೆ ಅವ್ವನ ಸೆರಗು ಗಟ್ಟಿಯಾಗಿ ಹಿಡಿದುಕೊಂಡು, ಕೂಸು ಎದ್ದ ಮೇಲೆಯೇ ಉಸಿರು ಬಿಡುತ್ತಿದ್ದೆ.

ಎಪ್ಪತ್ತರ ದಶಕದ ಮೊದಲಿಗೆ ಬಿದ್ದ ಆ ದೊಡ್ಡ ಬರದ ವರ್ಷ ಶ್ರಾವಣಕ್ಕೆ ಮುಂಚೆಯೇ ಊರ ಬಾವಿಯ ತಳ ಕಾಣುತ್ತಿತ್ತು. ಮಳೆ ಬರಲಿ ಎಂದು ಮಠದಲ್ಲಿ ಪುರಾಣ ಹಚ್ಚಿದರು. ದೀಪಕ್ಕೆ ಎಣ್ಣೆ ಸಿಗದಿದ್ದಕ್ಕೆ ಸಂಜೆಯ ಓದನ್ನು ಮಧ್ಯಾಹ್ನಕ್ಕೆ ತಂದರು. ಮಳೆಯಂತೂ ಬರಲಿಲ್ಲ. ಕೂಲಿಯವರನ್ನು ಕೂಡಿಸಿ ಒಯ್ಯುವ ಮುಕಾದಮ ಬಂದ. ಭಾಲ್ಕಿ ಕಡೆ ರೈಲು ಹಳಿಗೆ ಹಾಕುವ ಖಡಿಕಲ್ಲು ಒಡೆಯುವ ಕೆಲಸವಿದೆ, ಪುರಾಣ ಮಂಗಲವಾದ ಮರುದಿನ ಲಾರಿ ತರುತ್ತೇನೆ ಎಂದು ಹೇಳಿ ಹೋದ. ಅರ್ಧ ಊರು ಗಂಟು ಕಟ್ಟಿತು. ನಮ್ಮಪ್ಪ, ಅವ್ವ ಇಬ್ಬರೂ ಹೊರಟರು. ಅವ್ವ ಆಗ ಏಳು ತಿಂಗಳ ಬಸುರಿ. ನನ್ನ ಸಾಲೆ ಬಿಡಿಸಬೇಡಿ ಎಂದು ಆಯಿ ನನ್ನನ್ನು ತನ್ನ ಹತ್ತಿರ ಇಟ್ಟುಕೊಂಡಳು.

ಆ ಅಧ್ಯಾಯದ ದಿನವೇ, ಅವನು ಹೇಳಿದ್ದಕ್ಕಿಂತ ಎರಡು ದಿನ ಮೊದಲೇ, ಲಾರಿ ಬಂತು. ಮಠದ ಮುಂದೆ ನಿಂತು ಭೋಂ ಎಂದು ಹಾರ್ನ್ ಹೊಡೆಯಿತು. ಒಳಗೆ ಕೂಸು ಸತ್ತಿತ್ತು. ತಾಯಿ ಅಳುವ ಪದ್ಯವನ್ನು ಆಯಿ ಹಾಡುತ್ತಿದ್ದಳು. ಮುಕಾದಮ ಬಾಗಿಲಿಗೆ ಬಂದು, "ಬರ್ರಿ, ಬರ್ರಿ! ಬಾಜೂ ಊರವರು ಗಂಟು ಹಿಡಕೊಂಡು ನಿಂತಾರ. ನೀವು ಬರಂಗಿಲ್ಲಂದ್ರ ಅವರಿಗಿ ಒಯ್ತೇನಿ" ಅಂದ.

"ಸ್ವಲ್ಪ ನಿಂದ್ರೋ ತಮ್ಮಾ. ಕೂಸು ಏಳೋತನಕ ನಿಂದ್ರು" ಅಂದಳು ಆಯಿ.

ಅವನಿಗೆ ಯಾವ ಕೂಸು ಎಂದೇ ತಿಳಿಯಲಿಲ್ಲ. ಹಾರ್ನ್ ಮತ್ತೆ ಕೂಗಿತು. ಮೊದಲು ಒಬ್ಬ ಎದ್ದ, ಆಮೇಲೆ ಇಬ್ಬರು, ಆಮೇಲೆ ಎಲ್ಲರೂ ಒಮ್ಮೆಲೇ. ಆಯಿ ಧ್ವನಿ ಏರಿಸಿ, ಅರ್ಥ ಹೇಳುವುದನ್ನು ಬಿಟ್ಟು, ಬರೀ ಪದ್ಯಗಳನ್ನೇ ಓಡಿಸತೊಡಗಿದಳು. ಆದರೂ ಶರಣ ಇನ್ನೂ ಬಹಳ ದೂರದಲ್ಲಿದ್ದ. ಅವ್ವ ಕೊನೆಗೆ ಎದ್ದಳು. ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲಲ್ಲಿ ಒಮ್ಮೆ ತಿರುಗಿದಳು. ನನ್ನ ಕಡೆಗೆ ನೋಡಲಿಲ್ಲ, ಹೊತ್ತಿಗೆಯ ಕಡೆಗೆ ನೋಡಿದಳು. ಅಪ್ಪ ಕೈ ಹಿಡಿದು ಲಾರಿ ಹತ್ತಿಸಿದ.

ಧೂಳು ಇಳಿದಾಗ ಮಠದಲ್ಲಿ ಉಳಿದವರು ಮುದುಕರು, ಮಕ್ಕಳು, ಕೆಲವು ಹೆಂಗಸರು, ಗೌಡರು. ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು, ಆ ಸುಡುಬಿಸಿಲಿನಲ್ಲಿ.

ಗೌಡರು ಹೇಳಿದರು: "ಆಯಿ, ಆಗೋದು ಆಗಿಹೋತು. ಕಡೀ ಹಾಳಿ ತಗೀರಿ, ಮಂಗಲದ ಪದ ಅನ್ರಿ, ಆರತಿ ಬೆಳಗಿ ಮುಗಸೂಣು."

"ಒಲ್ಲೆ."

"ಹಂಗಾರ ಉಳಿದದ್ದಾದ್ರೂ ಓದಿ ಮುಗಸ್ರಿ. ನಾವು ಕೇಳ್ತೇವಿ."

"ನೀವು ಕೇಳಿದ್ರ ಅವರು ಕೇಳಿದಂಗ ಆಗ್ತದೇನ್ರಿ? ಅರ್ಧ ಕೇಳಿದವರು ಲಾರ್‍ಯಾಗ ಹೋಗ್ಯಾರ. ಉಳಿದದ್ದು ಅವರ ಮುಂದೇ ಓದಬೇಕು. ಪುರಾಣ ಮುರಿದಿಲ್ಲ, ನಿಂತದ."

"ಆ ಬಸುರಿ ಹೆಣ್ಮಗಳಿಗಿ ಏನರೆ ಆದ್ರ ನಿಮ್ಮ ತಲಿ ಮ್ಯಾಲ ಬರ್ತದ, ನೋಡ್ರಿ ಮತ್ತ!"

ಓದು ನಿಂತ ಸಾಲಿನಲ್ಲಿ ಆಯಿ ಒಂದು ದಾರದ ಎಳೆ ಇಟ್ಟು, ಹೊತ್ತಿಗೆಯನ್ನು ಬಿಳಿ ಅರಿವೆಯಲ್ಲಿ ಕಟ್ಟಿದಳು. ಕಟ್ಟುವಾಗ ಗಂಟು ಎರಡು ಸಲ ಬಿಚ್ಚಿಹೋಯಿತು.

ಆ ದಿನಗಳ ಅಂಜಿಕೆಯನ್ನು ಹೇಗೆ ಹೇಳಲಿ? ಮನೆಯ ಗೂಟಕ್ಕೆ ತೂಗುಹಾಕಿದ್ದ ಆ ಬಿಳಿ ಗಂಟನ್ನು ಕಂಡರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಅದರೊಳಗೆ ಒಂದು ಸತ್ತ ಕೂಸು ಇದೆ, ಅದು ಇನ್ನೂ ಎದ್ದಿಲ್ಲ. ಊಟ ಸೇರುತ್ತಿರಲಿಲ್ಲ. ಊರಲ್ಲಿ ಒಂದು ಕರು ಸತ್ತರೂ ಹೆಂಗಸರು ನಮ್ಮ ಬಾಗಿಲ ಕಡೆಗೆ ನೋಡುತ್ತಿದ್ದರು. ನೀರಿಗೆ ಹೋದರೆ ಆಯಿಗೆ ಸರದಿ ಬಿಟ್ಟುಕೊಡದೆ ಮುಖ ತಿರುಗಿಸುತ್ತಿದ್ದರು. ಪುಣ್ಯಾತ್ಗಿತ್ತಿಯರು! ಹಿಂದಿನ ವರ್ಷದವರೆಗೆ ಅವಳ ಕಾಲು ಮುಟ್ಟಿದವರೇ ಅವರು.

"ಆಯಿ, ನನಗ ಒಬ್ಬಾಕಿಗೇ ಓದಿ ಹೇಳು. ಮೆಲ್ಲಕ ಓದು, ಯಾರಿಗೂ ಹೇಳಂಗಿಲ್ಲ" ಎಂದು ಕಾಲು ಹಿಡಿದು ಬೇಡಿಕೊಂಡೆ.

"ನಿನಗ ಓದಿದ್ರ ನಿನ್ನ ಅಂಜಿಕಿ ಹೋಗ್ತದ. ನಿನ್ನ ಅವ್ವಂದು ಹ್ಯಾಂಗ ಹೋಗ್ತದವ್ವ?" ಅಂದಳು. ಸಿಟ್ಟು ಬಂದು ಅವಳನ್ನು ಬೈದೆ. ಬೈಸಿಕೊಂಡು ನನ್ನ ತಲೆ ಬಾಚಿದಳು.

ಹೋಗಿ ಓದಿ ಬರಬೇಕೆಂದರೆ ಅವರು ಎಲ್ಲಿದ್ದಾರೆ ಎಂಬುದೇ ಗೊತ್ತಾಗಲಿಲ್ಲ. ದಸರೆಗೆ ಭಾಲ್ಕಿಗೆ ಹೋದ ಊರಿನವನೊಬ್ಬ ಹಳಿಯ ಪಕ್ಕದಲ್ಲಿ ಬರೀ ಖಡಿಯ ರಾಶಿ ಇದೆ, ಮಂದಿ ಇಲ್ಲ ಎಂದು ಬಂದು ಹೇಳಿದ. ಆ ಮಾತಿಗೆ ನಾನು ಮೂರ್ಛೆ ಹೋದೆನಂತೆ. ದೀಪಾವಳಿ ಕಳೆದ ಮೇಲೆ ನಮ್ಮೂರ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ಆ ಲಾರಿಯವರನ್ನು ಬೀದರ ಕಡೆಗೆ, ರಸ್ತೆ ಕೆಲಸಕ್ಕೆ ಸಾಗಿಸಿದ್ದಾರೆ. ಅವರಲ್ಲಿ ಒಬ್ಬ ಬಾಣಂತಿ ಭಾಳ ಹೈರಾಣಾಗಿದ್ದಾಳೆ. ಹೆಸರು ಗೊತ್ತಿಲ್ಲ.

ಆಯಿ ಒಲೆಯ ಮೇಲಿದ್ದ ರೊಟ್ಟಿಯನ್ನು ಹಂಚಿನಲ್ಲೇ ಬಿಟ್ಟು ಎದ್ದಳು. ಬಿಳಿ ಗಂಟನ್ನು ಬಗಲಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದು ಅದೇ ಬಸ್ಸಿಗೆ ಹತ್ತಿದಳು. ಬಸ್ಸಿನಲ್ಲಿ ಭಾಲ್ಕಿ, ಅಲ್ಲಿಂದ ರೈಲಿನಲ್ಲಿ ಬೀದರ. ಭಾಲ್ಕಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಗಾಡಿ ಕಾಯುತ್ತ ಕೂತಾಗ, ಆ ಬಾಣಂತಿ ಅವ್ವನೇ ಇದ್ದರೆ, ಎಂದು ಕೇಳಿದೆ. ದೊಡ್ಡವರು ಇಂಥ ಹೊತ್ತಿನಲ್ಲಿ ಧೈರ್ಯ ಹೇಳುತ್ತಾರೆ. ಆಯಿ ಹೇಳಲಿಲ್ಲ.

"ನನಗೂ ಅಂಜಿಕಿ ಆಗ್ಲಾಕತ್ತದವ್ವ. ನನ್ನ ಕೈ ಹಿಡಿ" ಅಂದಳು.

ಹಿಡಿದು ಅವಳ ಮುಖ ನೋಡಿದೆ, ಕಣ್ಣುಗಳು ಅಗಲವಾಗಿ ಹಳಿಯ ಮೇಲೇ ನೆಟ್ಟಿದ್ದವು. ಆಯಿಯೇ ಅಂಜಿದರೆ ಇನ್ನು ನಮ್ಮನ್ನು ಕಾಯುವವರು ಯಾರು ಎಂದು ನನಗೆ ಅಳು ಬಂತು.

ಬೀದರಿನ ಗಾಂಧಿ ಗಂಜಿನ ಪೇಟೆಯಲ್ಲಿ ಹಮಾಲರನ್ನು ಕೇಳುತ್ತ ಹೋದೆವು. ಸಾಯಗಾಂವದ ಹಮಾಲನೊಬ್ಬ ಬೆನ್ನ ಮೇಲಿನ ತೊಗರಿ ಚೀಲ ಇಳಿಸಿ, "ಔರಾದ ಕಡೀ ಮಂದಿನಾ? ಊರ ಹೊರಗ ಕೆಂಪು ದಿನ್ನಿ ಹತ್ರ ಅದಾರ ನೋಡ್ರಿ" ಎಂದು ದಾರಿ ತೋರಿಸಿದ. ಬಾಣಂತಿಯ ಬಗ್ಗೆ ಕೇಳಿದಾಗ ಚೀಲ ಎತ್ತಿಕೊಂಡ.

ದಿಣ್ಣೆಯ ಹತ್ತಿರ ಜೋಳದ ದಂಟಿನ ಗುಡಿಸಲುಗಳು. ಹೊರಗೆ ಬಿಸಿಲಲ್ಲಿ ನಮ್ಮೂರಿನವರು ಸಾಲಾಗಿ ಕೂತು ಕಲ್ಲು ಒಡೆಯುತ್ತಿದ್ದರು. ಒಂದೊಂದೇ ಮುಖ ನೋಡುತ್ತ ಬಂದೆ. ಸಾಲಿನ ತುದಿಗೆ, ತಲೆಗೆ ಬಿಗಿಯಾಗಿ ಅರಿವೆ ಕಟ್ಟಿಕೊಂಡು ಅವ್ವ ಕೂತಿದ್ದಳು. ಜೀವಂತ ಇದ್ದಳು! ಓಡಿಹೋಗಿ ಮೈಮೇಲೆ ಬಿದ್ದೆ. ಅವ್ವನ ಹೊಟ್ಟೆ ಚಪ್ಪಟೆಯಾಗಿತ್ತು. ಗುಡಿಸಲೊಳಗೆ ಇಣುಕಿದೆ. ತೊಟ್ಟಿಲಿರಲಿಲ್ಲ, ಜೋಲಿ ಇರಲಿಲ್ಲ. ಅಪ್ಪ ಬಂದು ನನ್ನನ್ನು ಹೊರಗೆ ಕರೆದುಕೊಂಡು ಹೋದ. ಗಂಡು ಕೂಸಂತೆ, ಮೂರು ದಿನ ಇತ್ತಂತೆ.

ಆಯಿ ಅವ್ವನ ಮುಂದೆ ಕಲ್ಲಿನ ರಾಶಿಯ ಮೇಲೆ ಕುಸಿದು ಕೂತಳು. ಬಿಳಿ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಸುಮ್ಮ ನಿನ್ನ ನೋಡಿ ಹೋಗ್ಲಿಕ್ಕ ಬಂದಿದ್ದೆವ್ವ" ಅಂದಳು.

ಅವ್ವ ಸೆರಗಿನ ಉಬ್ಬನ್ನೇ ನೋಡುತ್ತಿದ್ದಳು. "ಹೊತ್ತಿಗಿ ತಂದೀರಿ."

"ತಂದೇನಿ."

"ಓದ್ರಿ ಮತ್ತ. ಎಲ್ಲರೂ ಇಲ್ಲೇ ಅದಾರ."

ಒಂದೊಂದೇ ಸುತ್ತಿಗೆ ನಿಂತಿತು. ಯಾರೂ ಹೇಳದೆ ಎಲ್ಲರೂ ಎದ್ದು ಬಂದು ಸುತ್ತ ಕೂತರು. ಲಾರಿ ಹತ್ತಿದ ದಿನದಿಂದ ಅವರೂ ಅಂಜುತ್ತಲೇ ಇದ್ದರು. ಅವ್ವನ ಕೂಸು ಹೋದ ಮೇಲೆ ಅವಳ ಗುಡಿಸಲಿನ ಕಡೆಗೆ ಬಸುರಿಯರು ಹಾಯುವುದನ್ನೇ ಬಿಟ್ಟಿದ್ದರಂತೆ. ಆಯಿ ಗಂಟು ಬಿಚ್ಚಿದಳು, ದಾರವಿದ್ದ ಹಾಳೆ ತೆರೆದಳು. ತೆರೆದು, ಹಾಳೆಯ ಮೇಲೆ ಅಂಗೈ ಊರಿ ಮುಚ್ಚಿ ಕೂತಳು.

"ಯವ್ವಾ, ಈ ಅಧ್ಯಾಯ ಬಿಡ್ತೇನಿ. ಮುಂದಿಂದು ಓದ್ತೇನಿ. ಇದು ನಿನ್ನ ಮುಂದ ಓದ್ಲಿಕ್ಕ ನನ್ನಿಂದ ಆಗಂಗಿಲ್ಲ."

ಬರದ ಆ ವರ್ಷದಲ್ಲಿ ನಾನು ಎಷ್ಟೋ ಸಲ ಅಂಜಿದ್ದೆ. ಆ ಮಾತಿಗೆ ಅಂಜಿದಷ್ಟು ಯಾವುದಕ್ಕೂ ಅಂಜಲಿಲ್ಲ. ಹೆಸರುಗಳ ಪುಟವನ್ನೂ ಬಿಡದ ಆಯಿ ಬಿಡುತ್ತೇನೆ ಅನ್ನುತ್ತಿದ್ದಾಳೆ. ಹಾಗಾದರೆ ಗೌಡರು ಹೇಳಿದ್ದು ಖರೆ, ತಪ್ಪು ನಮ್ಮದೇ, ತಮ್ಮ ಸತ್ತದ್ದು ನಮ್ಮಿಂದಲೇ.

ಅವ್ವ ಸುತ್ತಿಗೆ ಪಕ್ಕಕ್ಕೆ ಇಟ್ಟಳು.

"ನನ್ನ ಸಲುವಾಗಿ ಕಡಿಬ್ಯಾಡ್ರಿ ಆಯಿ. ನನ್ನ ಕೂಸು ಪುರಾಣಕ್ಕ ಸತ್ತಿಲ್ಲ. ತೆಗ್ಗಿನ ಹೊಲಸು ನೀರು ಕುಡದು, ಥಂಡ್ಯಾಗ ಬರೀ ನೆಲದ ಮ್ಯಾಲ ಹಡದು, ನೋಡೋರು ಯಾರೂ ಇಲ್ದ ಸತ್ತದ. ಆ ಮುಕಾದಮಗ ಕೇಳ್ರಿ, ದವಾಖಾನಿಗಿ ಬಿಡು ಅಂತ ಎಷ್ಟು ಬೇಡಿದ್ದೆ. ನಿಮ್ಮ ಹೊತ್ತಿಗಿ ಏನು ಮಾಡ್ತು?" ಅಂಗೈಯ ಕಲ್ಲುಪುಡಿ ಸೀರೆಗೆ ಒರೆಸಿಕೊಂಡಳು. "ಓದ್ರಿ. ಅತ್ತದ್ದೂ ಓದ್ರಿ, ಎದ್ದದ್ದೂ ಓದ್ರಿ. ಯಾರದಾದ್ರೂ ಒಂದು ಏಳಲಿ."

ಆಯಿ ಓದಿದಳು. ಲಾರಿ ಹೊರಟಾಗ ಎಲ್ಲಿ ನಿಂತಿತ್ತೋ ಅದೇ ಸಾಲಿನಿಂದ, ಅರ್ಥ ಸಮೇತ, ಅವಸರವಿಲ್ಲದೆ. ಅಳುವಿನ ಪದ್ಯಗಳಿಗೆ ಅವ್ವ ಅತ್ತಳು. ಕೂಸು ಹೋದಾಗ ಅತ್ತಿರಲಿಲ್ಲವಂತೆ, ಅಪ್ಪ ಆಮೇಲೆ ಹೇಳಿದ. ಶರಣ ಬಂದ. ಕೂಸಿನ ಹಣೆಯ ಮೇಲೆ ಕೈಯಿಟ್ಟ. ಅಲ್ಲಿ ಆಯಿಯ ಧ್ವನಿ ನಿಂತುಹೋಯಿತು. ಬೆರಳು ಸಾಲಿನ ಕೆಳಗೇ ಇತ್ತು, ತುಟಿ ಅಲುಗುತ್ತಿತ್ತು, ಸ್ವರ ಬರಲಿಲ್ಲ. ಮತ್ತೆ ಅಲ್ಲಿಯೇ ನಿಂತುಬಿಟ್ಟರೆ? ನಾನು ಅವಳ ಬಗಲಲ್ಲಿ ತಲೆ ತೂರಿಸಿ, ಆ ಬೆರಳಿನ ಮೇಲಿನ ಸಾಲನ್ನು ಜೋರಾಗಿ ಓದಿದೆ. ನನ್ನ ಧ್ವನಿ ಕೀರಲಾಗಿ ಒಡೆಯುತ್ತಿತ್ತು. ಆಯಿಯ ಬೆರಳು ಮೆಲ್ಲಗೆ ಸರಿಯತೊಡಗಿತು, ನಾನು ಅದರ ಹಿಂದೆ ಹೋದೆ. ಕೂಸು ಎದ್ದು ತಾಯಿಯ ಮೊಲೆ ಹುಡುಕುವವರೆಗೆ ನಾನೇ ಓದಿದೆ. ಮುಂದಿನದನ್ನು, ಮಂಗಲದವರೆಗೆ, ಆಯಿ ಓದಿದಳು. ಯಾರೋ ಹೆಂಗಸು ಗುಡಿಸಲಿನಿಂದ ಒಂದು ಚಿಮಣಿ ದೀಪ ತಂದು ಆರತಿ ಬೆಳಗಿದಳು. ಅವತ್ತು ಸಂಜೆ ಬಸುರಿಯರು ಅವ್ವನ ಗುಡಿಸಲಿಗೆ ಬಂದು ಕೂತರು.

ನನಗೆ ನಾಲ್ಕು ಜನರ ಮುಂದೆ ಬಾಯಿ ಬಂದದ್ದು ಆ ದಿಣ್ಣೆಯ ಮೇಲೆ. ಆ ಬಾಯಿಂದಲೇ ಪಾಠ ಹೇಳಿ ಜೀವನ ಪೂರ್ತಿ ಉಂಡಿದ್ದೇನೆ. ಆ ಋಣ ಸಣ್ಣದಲ್ಲ.

ಮರುವರ್ಷ ಮಳೆಯಾಯಿತು, ಊರಿನವರು ತಿರುಗಿ ಬಂದರು. ಗೌಡರು ತಾವೇ ಬಂದು ಆಯಿಯನ್ನು ಮಠಕ್ಕೆ ಕರೆದರು. ಇನ್ನೂ ಎಷ್ಟೋ ಶ್ರಾವಣ ಓದಿದಳು. ಆ ಅಧ್ಯಾಯ ಬಂದಾಗ ಮಾತ್ರ ಬೆಳಗಿನಿಂದ ನೀರೂ ಕುಡಿಯುತ್ತಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಅವ್ವ ಅವತ್ತು ಎಲ್ಲರ ಮುಂದೆ ಬಿಡಿಸಿ ಹೇಳಿದ ಮೇಲೆ ಅದೆಲ್ಲ ಮುಗಿಯಿತು ಅಂದುಕೊಂಡಿದ್ದೆ.

ಮುಗಿದಿರಲಿಲ್ಲ. ನಾನು ಬೀದರಿನಲ್ಲಿ ಕೆಲಸಕ್ಕಿದ್ದಾಗ ಆಯಿ ಹಾಸಿಗೆ ಹಿಡಿದಳೆಂದು ತಿಳಿದು ಊರಿಗೆ ಹೋದೆ. ಜ್ವರದಲ್ಲಿ ಏನೇನೋ ಬಡಬಡಿಸುತ್ತಿದ್ದಳು. ನನ್ನ ಗುರುತು ಹಿಡಿಯಲಿಲ್ಲ. ಅವ್ವ ತಲೆದೆಸೆಗೆ ಕೂತು ಚಮಚದಿಂದ ಗಂಜಿ ಕುಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ಆಯಿ ಅವ್ವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಕಣ್ಣುಗಳನ್ನು ನಾನು ಬಲ್ಲೆ, ಭಾಲ್ಕಿ ಸ್ಟೇಷನ್ನಿನಲ್ಲಿ ಕಂಡಿದ್ದ ಕಣ್ಣುಗಳೇ ಅವು.

"ಯವ್ವಾ," ಅಂದಳು, "ನಿನ್ನ ಕೂಸು ಎದ್ದೀತೇನವ್ವ?"

ಅವ್ವ ನನ್ನ ಕಡೆಗೆ ನೋಡಲಿಲ್ಲ. ಚಮಚ ಕೆಳಗಿಟ್ಟಳು. ಇದ್ದದ್ದನ್ನು ಇದ್ದ ಹಾಗೆ ಹೇಳಿ ಊರ ನಂಬಿಕೆಯನ್ನೇ ಎದುರು ಹಾಕಿಕೊಂಡ ಹೆಣ್ಣುಮಗಳು ಅವಳು.

"ಎದ್ದದ ರೀ ಆಯಿ" ಅಂದಳು. "ನಿಮ್ಮ ಮುಂದೇ ಎದ್ದದಲ್ಲ. ಹಾಲೂ ಕುಡದದ. ನೀವು ಮಲಕ್ಕೋರಿ."

ಆಯಿ ಮಲಗಿದಳು. ಮತ್ತೆ ಏಳಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಅವ್ವ ಗೋಡೆಗೆ ಒರಗಿ ಬಹಳ ಹೊತ್ತು ಅತ್ತಳು. ಆಯಿಯ ಸಲುವಾಗಿಯೋ, ಕೂಸಿನ ಸಲುವಾಗಿಯೋ. ನಾನು ಪಕ್ಕದಲ್ಲಿ ಕೂತೆ.